ಗೆದ್ದ ಮೇಲೂ ಮುಗಿಯದ ಕೇಸು

ಗಬ್ಬೂರಿನ ರೈತನೊಬ್ಬ ಆದೋನಿಯ ವ್ಯಾಪಾರಿಗೆ ಹತ್ತಿ ಕೊಟ್ಟ, ದುಡ್ಡು ಬರಲಿಲ್ಲ ಎಂದಿಟ್ಟುಕೊಳ್ಳಿ. ದೇವದುರ್ಗದ ಕೋರ್ಟಿನಲ್ಲಿ ದಾವೆ ಹೂಡಿದ, ಗೆದ್ದ. ಡಿಕ್ರಿ ಕೈಗೆ ಬಂತು. ಆದರೆ ವ್ಯಾಪಾರಿಯ ಮನೆ, ಅಂಗಡಿ, ಗೋದಾಮು ಎಲ್ಲವೂ ತುಂಗಭದ್ರೆಯ ಆಚೆ. ಜಪ್ತಿ ಮಾಡಿಸುವುದು ಯಾರು?

ಇದು ನಮ್ಮ ಭಾಗಕ್ಕೆ ಹಳೆಯ ಪ್ರಶ್ನೆ. 1948ಕ್ಕೆ ಮುಂಚೆ ರಾಯಚೂರು ನಿಜಾಮರ ಸೀಮೆ, ಆದೋನಿ ಮದ್ರಾಸ್ ಪ್ರಾಂತ್ಯ. ಹೊಳೆ ದಾಟಿದರೆ ನಮ್ಮ ಕೋರ್ಟಿನ ತೀರ್ಪು ವಿದೇಶಿ ತೀರ್ಪು. 1951ರ ಏಪ್ರಿಲ್ 1ರಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೈದರಾಬಾದ್ ರಾಜ್ಯಕ್ಕೂ ಅನ್ವಯವಾಗಿ ಆ ಗೋಡೆ ಬಿತ್ತು. ಯುರೋಪಿನವರು 1968ರ ಬ್ರಸೆಲ್ಸ್ ಒಪ್ಪಂದದಿಂದ ಹೊರಟು ಇಂಥದೇ ಗೋಡೆ ಕೆಡವಿದ್ದಾರೆ. 2015ರಿಂದ ಜರ್ಮನಿಯ ಸಿವಿಲ್ ತೀರ್ಪನ್ನು ಸ್ಪೇನಿನಲ್ಲಿ ಜಾರಿ ಮಾಡಲು ಅಲ್ಲಿನ ಕೋರ್ಟಿನ ಪ್ರತ್ಯೇಕ ಅನುಮತಿ ಬೇಕಿಲ್ಲ. ತೀರ್ಪಿನ ಪ್ರತಿ, ಮೂಲ ಕೋರ್ಟಿನ ಪ್ರಮಾಣಪತ್ರ ಇದ್ದರಾಯಿತು.

ನಮ್ಮಲ್ಲೂ ಸಂಹಿತೆಯ 39ನೇ ಕಲಂ ಇದೆ. ದೇವದುರ್ಗದ ಕೋರ್ಟು ಡಿಕ್ರಿಯ ಪ್ರತಿ ಮತ್ತು ಎಷ್ಟು ವಸೂಲಾಗಿದೆ, ಎಷ್ಟು ಬಾಕಿ ಎಂಬ ಪ್ರಮಾಣಪತ್ರವನ್ನು ಆದೋನಿಗೆ ಕಳಿಸಿದರೆ, ಆ ಕೋರ್ಟು ಅದನ್ನು ತನ್ನದೇ ಡಿಕ್ರಿಯಂತೆ ಅಮಲ್ಜಾರಿ ಮಾಡಬೇಕು. ಕಾಗದದ ಮೇಲೆ ಇಷ್ಟು ಸಲೀಸು. ಆದರೆ ಸಾಲಗಾರನ ಆಸ್ತಿ ಹುಡುಕುವುದು, ಅಲ್ಲಿ ಇನ್ನೊಬ್ಬ ವಕೀಲರನ್ನು ಹಿಡಿಯುವುದು, ಅಮೀನ ಹೊರಡುವ ತನಕ ಬಸ್ಸಿನಲ್ಲಿ ತಿರುಗುವುದು ಎಲ್ಲವೂ ಗೆದ್ದವನ ತಲೆಗೇ. ಅಷ್ಟರಲ್ಲಿ ಆಸ್ತಿ ಬೇರೆಯವರ ಹೆಸರಿಗೆ ಹೋಗಿರುತ್ತದೆ.

ಕರ್ನಾಟಕದಿಂದಲೇ ಹೋದ ರಾಹುಲ್ ಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಿ ಎಂದಿತು. 2025ರಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ ದೇಶದಲ್ಲಿ 8.8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಾಕಿ ಇದ್ದವು. ಇದು ನ್ಯಾಯ ಗೆದ್ದವರಿಗೇ ಆಗುತ್ತಿರುವ ಅನ್ಯಾಯ.

ಅದೇ 2021ರ ತೀರ್ಪಿನಲ್ಲಿ ರೈತರಿಗೆ ಉಪಯೋಗವಾಗುವ ಇನ್ನೊಂದು ಮಾತಿದೆ: ಹಣದ ದಾವೆಯಲ್ಲಿ ವಿಚಾರಣಾಂಶಗಳನ್ನು ಗೊತ್ತುಮಾಡುವ ಮೊದಲೇ, ಪ್ರತಿವಾದಿ ತನ್ನ ಆಸ್ತಿ ವಿವರವನ್ನು ಪ್ರಮಾಣ ಮಾಡಿ ಕೊಡುವಂತೆ ಕೋರ್ಟು ಹೇಳಬಹುದು, ಭದ್ರತೆಯನ್ನೂ ಕೇಳಬಹುದು. ದಾವೆ ಹೂಡುವ ದಿನವೇ ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅಮಲ್ಜಾರಿಗೂ ಅದನ್ನು ಕೇಳಿ. ಸರ್ಕಾರ, ಹೈಕೋರ್ಟು ಮಾಡಬೇಕಾದದ್ದು ಇನ್ನೊಂದು: ಡಿಕ್ರಿ ಕೋರ್ಟಿನಿಂದ ಕೋರ್ಟಿಗೆ ಆನ್‌ಲೈನಿನಲ್ಲೇ ಹೋಗಲಿ, ಎಲ್ಲಿ ನಿಂತಿದೆ ಎಂಬುದು ಗಬ್ಬೂರಿನ ರೈತನ ಮೊಬೈಲಿನಲ್ಲಿ ಕನ್ನಡದಲ್ಲಿ ಕಾಣಲಿ.