ಹಾವು ಕಡಿದಾಗ ಆ ಇಪ್ಪತ್ತು ನಿಮಿಷ



ತೊಗರಿ, ಕಬ್ಬಿನ ಹೊಲದಲ್ಲಿ ಹಾವು ಕಡಿದರೆ ರೋಗಿಯ ಪ್ರಾಣವೂ ಮನೆಯ ಹಣವೂ ಮೊದಲು ನೋಡುವ ಡಾಕ್ಟರರ ಕೈಯಲ್ಲಿರುತ್ತವೆ. ಒಬ್ಬರು ಕಂಡ ಕೂಡಲೇ ವಿಷನಿರೋಧಕ ಇಂಜೆಕ್ಷನ್ ಕೊಡುತ್ತಾರೆ. ಇನ್ನೊಬ್ಬರು ರಕ್ತವನ್ನು ಗಾಜಿನ ನಳಿಕೆಯಲ್ಲಿಟ್ಟು 20 ನಿಮಿಷ ಕಾಯುತ್ತಾರೆ. ಮತ್ತೊಬ್ಬರು ಏನೂ ಮಾಡದೆ ಸೋಲಾಪುರಕ್ಕೆ ಕಳಿಸುತ್ತಾರೆ.

ಕಾಯುವವರನ್ನೇ ನಾವು ಬೈಯುತ್ತೇವೆ. ಅದು ಸರಿಯಲ್ಲ. ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂದರ್ಥ. ನಾಗರ, ಕಟ್ಟುಹಾವಿನ ಕಡಿತಕ್ಕೆ ಈ ಪರೀಕ್ಷೆ ಸಾಲದು. ಕಣ್ಣರೆಪ್ಪೆ ಜೋಲುವುದನ್ನು, ಉಸಿರು ಕುಂದುವುದನ್ನು ನೋಡಬೇಕು. ವಿಷದ ಲಕ್ಷಣವಿಲ್ಲದೆ ಕೊಟ್ಟ ಇಂಜೆಕ್ಷನ್ನಿನಿಂದ ಅಲರ್ಜಿಯ ಅಪಾಯ. ಖಾಸಗಿ ಆಸ್ಪತ್ರೆಯಾದರೆ ಸಾಲವೂ ಸೇರುತ್ತದೆ. ಲಕ್ಷಣ ಕಂಡ ಮೇಲೂ ಕೊಡದೆ ಸಾಗಹಾಕಿದರೆ ದಾರಿಯಲ್ಲೇ ಪ್ರಾಣ ಹೋದೀತು.

ತುರ್ತು ಚಿಕಿತ್ಸೆ ಪ್ರತಿ ಡಾಕ್ಟರರ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಹಾವು ಕಡಿತದ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವ ಯೋಜನೆಯನ್ನು ಕೇಂದ್ರ ಸರಕಾರ 2024ರಲ್ಲಿ ಪ್ರಕಟಿಸಿತು. ಹಾಗಿದ್ದರೆ ಅಕ್ಕಲಕೋಟದಲ್ಲಾಗಲಿ ಸೋಲಾಪುರದಲ್ಲಾಗಲಿ, ಹಗಲಾಗಲಿ ರಾತ್ರಿಯಾಗಲಿ, ಒಂದೇ ಕ್ರಮದ ಚಿಕಿತ್ಸೆ ಸಿಗಬೇಕು. ಗ್ರಾಮಸಭೆಯಲ್ಲಿ ಇದನ್ನು ಕೇಳಿರಿ.

ನಮ್ಮ ಪಾಲಿನ ಕೆಲಸವೂ ಇದೆ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರದವರಲ್ಲಿಗೆ ಓಡಬೇಡಿ, 108ಕ್ಕೆ ಫೋನು ಮಾಡಿರಿ. ವೈದ್ಯನನ್ನು ಗೌರವಿಸಲು ಸಿರಾಖನ ಗ್ರಂಥದ 38ನೇ ಅಧ್ಯಾಯ ಕಲಿಸುತ್ತದೆ. ಗೌರವಿಸೋಣ, ಯಾವ ಇಂಜೆಕ್ಷನ್, ಏಕೆ ಎಂದು ವಿನಯದಿಂದ ಕೇಳಿಯೂ ತಿಳಿಯೋಣ.