ತೋತಾಪುರಿ ಬೀದಿಗೆ ಸುರಿಯುವ ಊರಲ್ಲಿ ಬನ್ನಿನೊಳಗೆ ಪರಂಗಿ ಚೂರು ಯಾಕೆ?

ಬೇಸಿಗೆ ರಜೆಯ ಕೊನೆಯ ಭಾನುವಾರ. ಶ್ರೀನಿವಾಸಪುರ ಕಡೆಯ ಊರುಗಳಲ್ಲಿ ಮನೆ ತುಂಬ ಮಕ್ಕಳು. ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು, ಅವರ ಜೊತೆ ಇಲ್ಲಿನವರು. ದೊಡ್ಡವರು ತೋಟ ನೋಡಿಕೊಂಡು ಬರಬೇಕು, ಮಕ್ಕಳು ಏಳಬೇಕು. ಹಾಗಾಗಿ ಅವತ್ತಿನ ತಿಂಡಿ ಹತ್ತೂವರೆಗೆ. ಅದೇ ತಿಂಡಿ, ಅದೇ ಅರ್ಧ ಊಟ. ಅಷ್ಟರಲ್ಲಿ ಯಾರೋ ಒಬ್ಬರು ಬೈಕ್ ಹತ್ತಿ ಟೌನಿಗೆ ಹೋಗಿ ಬೇಕರಿಯಿಂದ ಒಂದು ಕವರ್ ತುಂಬ ಬನ್ನು, ಎರಡು ದಿಲ್‌ಪಸಂದ್ ತಂದಿರುತ್ತಾರೆ. ಉಪ್ಪಿಟ್ಟು ಪಾತ್ರೆಯಲ್ಲೇ ಉಳಿಯುತ್ತದೆ, ಕವರ್ ಖಾಲಿಯಾಗುತ್ತದೆ.

ಆ ಬನ್ನನ್ನು ಒಮ್ಮೆ ಮುರಿದು ನೋಡಿ. ಕೆಂಪು, ಹಸಿರು, ಹಳದಿ ಚೂರುಗಳಿರುತ್ತವೆ. ಹಣ್ಣು ಅಂತ ಮಕ್ಕಳು ಆರಿಸಿ ತಿನ್ನುತ್ತಾರೆ. ಅದು ಪರಂಗಿ ಕಾಯಿ. ಹಸಿ ಕಾಯಿಯನ್ನು ಚೂರು ಮಾಡಿ, ಬೇಯಿಸಿ, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಹಾಕಿದರೆ ಟೂಟಿ ಫ್ರೂಟಿ. ಮೂರು ಬಣ್ಣ ಇದ್ದರೂ ರುಚಿ ಒಂದೇ. ಯಾಕೆಂದರೆ ಅದು ಸಕ್ಕರೆಯ ರುಚಿ.

ಬೇಕರಿಯವರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ನೂರು ವರ್ಷಕ್ಕೂ ಹಿಂದೆ ಬೆಂಗಳೂರಿನಲ್ಲಿ ಬ್ರೆಡ್ಡು ಬೇಯಿಸಲು ಶುರು ಮಾಡಿದ್ದರಿಂದಲೇ ಇವತ್ತು ತಾಲ್ಲೂಕಿಗೆ ಹತ್ತು ಬೇಕರಿ ಕಾಣುತ್ತವೆ. ದಿಲ್‌ಪಸಂದ್ ನಮಗೂ ಇಷ್ಟ. ಬೇಕರಿಯವರಿಗೆ ವರ್ಷಪೂರ್ತಿ ಕೆಡದೆ ಇರುವ ಸಾಮಾನು ಬೇಕು, ಅದಕ್ಕೆ ಟೂಟಿ ಫ್ರೂಟಿ. ನಮಗೆ ಬೇಕಿರುವುದು ಒಂದು ಭಾನುವಾರದ ತಿಂಡಿ. ಅದೇ ಹೊತ್ತಿಗೆ ನಮ್ಮ ಜಗಲಿಯ ಮೇಲೆ ಏನಿರುತ್ತದೆ? ಗಾಳಿ ಮಳೆಗೆ ಉದುರಿದ ತೋತಾಪುರಿ, ಎರಡು ಮಂಕರಿ. ಅದಕ್ಕೆ ಮಂಡಿಯಲ್ಲಿ ಬೆಲೆ ಇಲ್ಲ. ದನಕ್ಕೆ ಹಾಕಿದರೂ ಅರ್ಧ ಬಿಡುತ್ತದೆ.

2025ರ ಜೂನ್ ತಿಂಗಳನ್ನು ಇಲ್ಲಿ ಯಾರೂ ಮರೆತಿಲ್ಲ. ನಮ್ಮ ತೋತಾಪುರಿಯ ದೊಡ್ಡ ಪಾಲು ಹೋಗುವುದು ಗಡಿ ಆಚೆ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ. ಆ ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂತ ಆದೇಶ ಮಾಡಿತು. ಗಡಿಯಲ್ಲಿ ಗಾಡಿ ನಿಂತವು. ಶ್ರೀನಿವಾಸಪುರ ಬಂದ್ ಆಯಿತು, ಕಾಯಿ ರಸ್ತೆಗೆ ಬಿತ್ತು. ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ತೋತಾಪುರಿಗೆ ಕ್ವಿಂಟಾಲ್‌ಗೆ 1616 ರೂಪಾಯಿ ಅಂತ ದರ ಗೊತ್ತು ಮಾಡಿ, ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಕೆಜಿಗೆ ಹದಿನಾರು ರೂಪಾಯಿ ಲೆಕ್ಕ. ಅದೇ ತೋತಾಪುರಿ ಪಲ್ಪು ನೀರು, ಸಕ್ಕರೆ ಸೇರಿ ಬಾಟಲಿಯಲ್ಲಿ ಮಾವಿನ ಜ್ಯೂಸ್ ಆಗಿ ನಮ್ಮ ಊರಿನ ಅಂಗಡಿಗೇ ವಾಪಸ್ ಬರುತ್ತದೆ. ಕಾಯಿ ಮಾರಿದವರ ಮಕ್ಕಳೇ ಅದನ್ನು ಕೊಂಡು ಕುಡಿಯುತ್ತಾರೆ.

ಮನೆಯಲ್ಲಿ ಮಾವಿನ ಬನ್ನು ಮಾಡಿದರೆ ಈ ಬೆಲೆ ಏರುತ್ತದೆ ಅಂತ ಹೇಳುವಷ್ಟು ದಡ್ಡರು ನಾವಲ್ಲ. ಒಂದು ಪಾತ್ರೆ ಬನ್ನಿಗೆ ಬೇಕಾಗುವುದು ಎರಡು ಕಾಯಿ. ಆದರೆ ನಮ್ಮ ಹಣ್ಣಿಗೆ ನಮ್ಮ ಮನೆಯಲ್ಲೇ ಮರ್ಯಾದೆ ಇಲ್ಲದಿದ್ದರೆ ಹೇಗೆ? ಉಪ್ಪಿನಕಾಯಿ, ಚಿತ್ರಾನ್ನ ಬಿಟ್ಟರೆ ತೋತಾಪುರಿಗೆ ನಾವು ಬೇರೆ ಕೆಲಸ ಕೊಟ್ಟಿಲ್ಲ. ಕರಾವಳಿಯವರನ್ನು ನೋಡಿ, ಕಳಿತ ಬಾಳೆಹಣ್ಣನ್ನು ಮೈದಾಕ್ಕೆ ಕಿವುಚಿ ಕರಿದು ಮಂಗಳೂರು ಬನ್ಸ್ ಅಂತ ಹೆಸರು ಮಾಡಿಬಿಟ್ಟರು. ಅದೂ ಬಿಸಾಡುವ ಹಣ್ಣೇ.

ಹಾಗಾಗಿ ನಾವೇ ಮಾಡಿ ನೋಡಿದೆವು. ಮೊದಲ ಸಲ ಮೊಬೈಲ್‌ನಲ್ಲಿ ವಿಡಿಯೋ ನೋಡಿಕೊಂಡು ಮಾಡಿದ್ದು, ಗೋಡೆಗೆ ಹೊಡೆದರೆ ಗೋಡೆ ಒಡೆಯುವ ಹಾಗಿತ್ತು. ಹಾಲು ಕುದಿ ಬಿಸಿ ಇದ್ದಾಗಲೇ ಈಸ್ಟ್ ಹಾಕಿದ್ದೆವು, ಈಸ್ಟ್ ಸತ್ತುಹೋಗಿತ್ತು. ಎರಡನೇ ಸಲ ಹಿಟ್ಟೇನೋ ಉಬ್ಬಿತು, ಆದರೆ ಹೂರಣ ನೀರಾಗಿ ಸೋರಿ ತಳ ಹತ್ತಿತು. ಮೂರನೇ ಸಲ ಬಂತು. ಆ ಎರಡು ಸಲ ಕಲಿತದ್ದನ್ನು ಸೇರಿಸಿಯೇ ಕೆಳಗೆ ಬರೆದಿದ್ದೇವೆ. ಓವನ್ ಬೇಡ. ದಪ್ಪ ತಳದ ಹಳೇ ಬಾಣಲೆ, ಅದಕ್ಕೊಂದು ಸರಿಯಾದ ಮುಚ್ಚಳ, ಒಳಗೆ ಹಿಡಿಯುವ ಎಂಟು ಅಂಗುಲದ ಒಂದು ಪಾತ್ರೆ ಸಾಕು.

ಹೂರಣವನ್ನು ಹಿಂದಿನ ರಾತ್ರಿಯೇ ಮಾಡಿಡಿ. ಎರಡು ತೋತಾಪುರಿ, ಪೂರ್ತಿ ಹಣ್ಣಾಗಿರಬೇಕಿಲ್ಲ, ದೋರಗಾಯಿ ಆದರೆ ಇನ್ನೂ ಒಳ್ಳೆಯದು. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿದರೆ ಸುಮಾರು 400 ಗ್ರಾಂ ತಿರುಳು ಸಿಗುತ್ತದೆ. 100 ಗ್ರಾಂ ಬೆಲ್ಲ, ಹುಳಿ ಜಾಸ್ತಿ ಇದ್ದರೆ ಇನ್ನೊಂದು ಹಿಡಿ. ನೀರು ಹಾಕಬೇಡಿ, ಬೆಲ್ಲ ಕರಗಿ ತಾನೇ ನೀರು ಬಿಡುತ್ತದೆ. ಸಣ್ಣ ಉರಿಯಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷ ಕೈಯಾಡಿಸಿ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಅಲ್ಲಿವರೆಗೆ ಇಳಿಸಬೇಡಿ. ಕೊನೆಗೆ ಏಲಕ್ಕಿ, ಎರಡು ಚಮಚ ಕೊಬ್ಬರಿ ತುರಿ. ಕೊಬ್ಬರಿ ರುಚಿಗೆ ಮಾತ್ರ ಅಲ್ಲ, ಉಳಿದ ನೀರನ್ನು ಹೀರಿಕೊಳ್ಳುತ್ತದೆ. ನಮ್ಮ ಎರಡನೇ ಸಲದ ಸೋಲಿಗೆ ಇದೇ ಪರಿಹಾರ. ಹೋಳಿಗೆ ಮಾಡುವವರಿಗೆ ಇದನ್ನೆಲ್ಲ ಹೇಳಬೇಕಿಲ್ಲ. ಹೂರಣ ಸಡಿಲವಾದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು.

ದೊಡ್ಡಬಳ್ಳಾಪುರದ ತೂಬಗೆರೆ ಕಡೆಯವರು ಇದನ್ನೇ ಹಲಸಿನ ತೊಳೆಯಲ್ಲಿ ಮಾಡಬಹುದು, ಬೆಲ್ಲ ಅರ್ಧ ಸಾಕು. ಬಾಳೆಹಣ್ಣಿಗೂ ಅಷ್ಟೇ.

ಬೆಳಗ್ಗೆ ಎದ್ದ ತಕ್ಷಣ ಹಿಟ್ಟು. ಮೈದಾ 250 ಗ್ರಾಂ. ಅರ್ಧ ಗೋಧಿ ಹಿಟ್ಟು ಬೆರೆಸಿದರೂ ಬರುತ್ತದೆ, ಆದರೆ ಬನ್ನು ಸ್ವಲ್ಪ ಗಟ್ಟಿ. ಸಕ್ಕರೆ ಎರಡು ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ, ಒಣ ಈಸ್ಟ್ ಒಂದು ಟೀ ಚಮಚ. ಈಸ್ಟ್ ಈಗ ಟೌನಿನ ದೊಡ್ಡ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಕೇಕ್ ಸಾಮಾನು ಇಡುವವರ ಹತ್ತಿರ ಕೇಳಿ. ಹಾಲು 150 ಮಿಲಿ, ಬೆರಳಿಟ್ಟರೆ ಹಿತವಾಗಿರಬೇಕು, ಮಗುವಿಗೆ ಕುಡಿಸುವಷ್ಟು ಬೆಚ್ಚಗೆ, ಅದಕ್ಕಿಂತ ಹೆಚ್ಚಿಲ್ಲ. ಆ ಹಾಲಿಗೆ ಈಸ್ಟ್, ಚಿಟಿಕೆ ಸಕ್ಕರೆ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಮುಂದಕ್ಕೆ. ಬರದಿದ್ದರೆ ಆ ಈಸ್ಟ್ ಹಳೆಯದು, ಅಲ್ಲಿಗೇ ನಿಲ್ಲಿಸಿ, ಮೈದಾ ಉಳಿಸಿಕೊಳ್ಳಿ.

ಹಾಲನ್ನು ಒಂದೇ ಸಲ ಸುರಿಯದೆ ನೋಡಿ ನೋಡಿ ಹಾಕಿ ಕಲಸಿ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಸ್ವಲ್ಪ ಅಂಟಬೇಕು. ಎರಡು ಚಮಚ ಬೆಣ್ಣೆ ಅಥವಾ ತುಪ್ಪ ಹಾಕಿ ಹತ್ತು ನಿಮಿಷ ಚೆನ್ನಾಗಿ ನಾದಿ. ಇದು ತೋಳಿನ ಕೆಲಸ. ಮನೆಯ ಗಂಡಸರಿಗೆ ಕೊಡಿ, ಭಾನುವಾರ ತಾನೇ. ಒದ್ದೆ ಬಟ್ಟೆ ಮುಚ್ಚಿಟ್ಟರೆ ನಮ್ಮ ಮೇ ತಿಂಗಳ ಸೆಕೆಗೆ ಒಂದು ಗಂಟೆಯಲ್ಲಿ ಎರಡರಷ್ಟು ಆಗುತ್ತದೆ.

ಉಬ್ಬಿದ ಹಿಟ್ಟನ್ನು ಗುದ್ದಿ ಗಾಳಿ ತೆಗೆದು, ಅರ್ಧ ಅಂಗುಲಕ್ಕಿಂತ ತೆಳ್ಳಗೆ ಚೌಕವಾಗಿ ಲಟ್ಟಿಸಿ. ಹೂರಣ ಹರಡಿ, ಒಂದು ಅಂಚು ಖಾಲಿ ಬಿಡಿ. ಚಾಪೆ ಸುತ್ತುವ ಹಾಗೆ ಸುತ್ತಿ, ಏಳು ತುಂಡು ಮಾಡಿ. ಚಾಕು ಹಾಕಿದರೆ ಅಮುಕಿ ಹೂರಣ ಹೊರಬರುತ್ತದೆ. ಹೂ ಕಟ್ಟುವ ದಾರವನ್ನು ಅಡಿಯಿಂದ ತಂದು ಮೇಲೆ ಅಡ್ಡ ಎಳೆದರೆ ಚೊಕ್ಕವಾಗಿ ತುಂಡಾಗುತ್ತದೆ. ತುಪ್ಪ ಸವರಿದ ಪಾತ್ರೆಯಲ್ಲಿ ಮಧ್ಯೆ ಒಂದು, ಸುತ್ತ ಆರು. ನಡುವೆ ಜಾಗ ಬಿಡಿ. ಮತ್ತೆ ಅರ್ಧ ಗಂಟೆ ಮುಚ್ಚಿಡಿ, ಒಂದಕ್ಕೊಂದು ತಾಗಿಕೊಳ್ಳುತ್ತವೆ. ಮೇಲೆ ಹಾಲು ಸವರಿ.

ಬಾಣಲೆಯಲ್ಲಿ ಒಂದು ಅಂಗುಲ ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ನಂತರ ಬನ್ನಿನ ಪಾತ್ರೆ ಒಳಗಿಟ್ಟು ಸಣ್ಣ ಉರಿ, ಮೂವತ್ತರಿಂದ ಮೂವತ್ತೈದು ನಿಮಿಷ. ಕುಕ್ಕರ್ ಬಳಸುವುದಾದರೆ ಹಳೆಯದನ್ನೇ ತೆಗೆದುಕೊಳ್ಳಿ, ಗ್ಯಾಸ್ಕೆಟ್, ವಿಷಲ್ ಎರಡನ್ನೂ ಕಡ್ಡಾಯವಾಗಿ ತೆಗೆದಿಡಿ. ಮೊದಲ ಇಪ್ಪತ್ತೈದು ನಿಮಿಷ ಮುಚ್ಚಳ ತೆಗೆದು ಇಣುಕಬೇಡಿ. ಮಕ್ಕಳು ಇಣುಕುತ್ತಾರೆ, ಅವರನ್ನು ದೂರ ಇಡಿ, ಆ ಉಪ್ಪು ಕೆಂಡದಷ್ಟೇ ಬಿಸಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು.

ಒಂದು ಕೊರತೆ ಹೇಳಿಬಿಡುತ್ತೇವೆ. ಬೇಕರಿ ಬನ್ನಿನ ಮೇಲಿನ ಆ ಹೊಳಪಿನ ಕಂದು ಬಣ್ಣ ಬಾಣಲೆಯಲ್ಲಿ ಬರುವುದಿಲ್ಲ, ಮೇಲೆ ಬಿಳಿಚಿಕೊಂಡಿರುತ್ತದೆ. ಸೌದೆ ಒಲೆ ಇರುವವರು ಮುಚ್ಚಳದ ಮೇಲೆ ನಾಲ್ಕು ಕೆಂಡ ಇಟ್ಟರೆ ಅದೂ ಬರುತ್ತದೆ. ಗ್ಯಾಸ್ ಇರುವವರು ಕೊನೆಗೆ ಬನ್ನುಗಳನ್ನು ಕಾವಲಿಯ ಮೇಲೆ ಎರಡು ನಿಮಿಷ ಮಗುಚಿ ಹಾಕಿ. ಬಿಸಿ ಇರುವಾಗಲೇ ತುಪ್ಪ ಸವರಿ. ನಮ್ಮಲ್ಲಿ ಏಳಕ್ಕೆ ಏಳೂ ಹತ್ತು ನಿಮಿಷದಲ್ಲಿ ಖಾಲಿ. ಬಿಳಿಚಿಕೊಂಡಿದೆ ಅಂತ ಯಾರೂ ತಕರಾರು ಮಾಡಲಿಲ್ಲ.

ಓವನ್ ಮಾತು ಬಂದಿದ್ದರಿಂದ ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ ಒಂದು ಊರಲ್ಲಿ ಸ್ತ್ರೀಶಕ್ತಿ ಸಂಘದವರಿಗೆ ಬೇಕರಿ ತರಬೇತಿ ನಡೆಯಿತು. ದೊಡ್ಡ ಕರೆಂಟ್ ಓವನ್ ಬಂತು, ರಿಬ್ಬನ್ ಕತ್ತರಿಸಿದರು, ವೇದಿಕೆ ತುಂಬ ಗಣ್ಯರು. ನಾವು ಫೋಟೊ ಸಮೇತ ನಾಲ್ಕು ಸಾಲು ಸುದ್ದಿ ಕಳಿಸಿದೆವು. ವೇದಿಕೆಯಲ್ಲಿದ್ದವರ ಹೆಸರುಗಳಿಗೇ ಮೂರು ಸಾಲು ಹೋಗಿತ್ತು. ಮುಂದಿನ ವರ್ಷ ಬೇರೆ ಸುದ್ದಿಗೆ ಹೋದಾಗ ಅದೇ ಓವನ್ ಮೇಲೆ ಹಳೇ ಸೀರೆ ಹೊದಿಸಿ ರಾಗಿ ಮೂಟೆ ಇಟ್ಟಿದ್ದರು. "ಸಾರ್, ಕರೆಂಟು ಇರೋ ಹೊತ್ತಿಗೆ ನಾವು ತೋಟದಾಗಿರ್ತೀವಿ. ನಾವು ಮನೇಗೆ ಬರೋ ಹೊತ್ತಿಗೆ ಕರೆಂಟು ಇರಲ್ಲ" ಅಂದರು ಒಬ್ಬ ಅಕ್ಕ. ತರಬೇತಿಯಲ್ಲಿ ಕಲಿಸಿದ್ದು ಏನು ಅಂತ ಕೇಳಿದರೆ ಟೂಟಿ ಫ್ರೂಟಿ ಕೇಕು. ಮಾವಿನ ಹೆಸರು ಯಾರೂ ಎತ್ತಿರಲಿಲ್ಲ. ಆ ಎರಡನೇ ಸುದ್ದಿ ನಾವು ಬರೆಯಲಿಲ್ಲ. ಬರೆಯಬೇಕಿತ್ತು.

ಬಾಣಲೆ ಬನ್ನಿನಲ್ಲಿ ದುಡ್ಡಿದೆಯಾ? ನಮ್ಮ ಲೆಕ್ಕ ಹೀಗಿದೆ. ಮೈದಾ, ಹಾಲು, ಬೆಲ್ಲ, ತುಪ್ಪ, ಈಸ್ಟ್, ಗ್ಯಾಸ್ ಎಲ್ಲ ಸೇರಿ ಏಳು ಬನ್ನಿಗೆ ಅರವತ್ತು ರೂಪಾಯಿ ಒಳಗೆ. ಮಾವು ಉದುರಿದ್ದು, ಅದಕ್ಕೆ ಸೊನ್ನೆ ಹಾಕಿದ್ದೇವೆ. ಕೂಲಿಯನ್ನೂ ಹಾಕಿಲ್ಲ, ಹಾಕಲೇಬೇಕು. ಒಂದು ಬಾಣಲೆಗೆ ಏಳೇ ಬನ್ನು ಅಂದರೆ ವ್ಯಾಪಾರಕ್ಕೆ ಸಾಲದು, ಅದೂ ನಿಜ. ಆದರೆ ಹೂರಣದ ಮಾತು ಬೇರೆ. ಹತ್ತು ಜನರ ಸಂಘ ಉದುರಿದ ಕಾಯಿ ತಂದು ಬೆಲ್ಲದ ಹೂರಣ ಮಾಡಿ, ಬಾಟಲಿಗೆ ತುಂಬಿ, ಅದೇ ಟೌನಿನ ಬೇಕರಿಗೆ ಕೊಟ್ಟರೆ? ಪರಂಗಿ ಚೂರಿನ ಜಾಗಕ್ಕೆ ಸೀಸನ್‌ನಲ್ಲಿ ಎರಡು ತಿಂಗಳಾದರೂ ನಮ್ಮ ಮಾವು ಹೋಗಲಿ. ಆಹಾರ ಸುರಕ್ಷತೆಯ ಕಾನೂನಿನಲ್ಲಿ ಸಣ್ಣ ತಯಾರಕರಿಗೆ ದೊಡ್ಡ ಲೈಸೆನ್ಸ್ ಬೇಕಿಲ್ಲ, ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನ, ಘಟಕ ಹಾಕುವವರಿಗೆ ಖರ್ಚಿನ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ಸಹಾಯಧನ ಅಂತ ಬರೆದಿದೆ. ಅರ್ಜಿ ಹಾಕಿ ಓಡಾಡಿದವರು ಇದ್ದರೆ ಬರೆಯಿರಿ, ದುಡ್ಡು ಕೈಗೆ ಬಂತೋ ಇಲ್ಲವೋ ಅನ್ನುವುದನ್ನೂ ಸೇರಿಸಿ. ಈ ಸಲ ನಾಲ್ಕು ಸಾಲಿಗೆ ನಿಲ್ಲಿಸುವುದಿಲ್ಲ.

ಹೂರಣ ಮಿಕ್ಕಿದರೆ ಒಣಗಿದ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ, ಒಂದು ವಾರ ಇರುತ್ತದೆ. ಫ್ರಿಜ್ ಇಲ್ಲದವರು ಮಾರನೇ ದಿನವೇ ಚಪಾತಿಗೆ ಸವರಿ ಖಾಲಿ ಮಾಡಿ. ಸೋಮವಾರ ಸ್ಕೂಲು ಶುರುವಾದರೆ ಡಬ್ಬಿಗೂ ಆಯಿತು.