ಬಿಟ್ಟ ಮೀನಿನ ಹೆಸರೇನು?

ಹೇಮಾವತಿ ನೀರು ಬಂದು ಕೆರೆ ತುಂಬಿದ ಮೇಲೆ ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮೂರ ಏರಿಗೆ ಭಾನುವಾರದ ಕಳೆ ಬಂದಿದೆ. ಬೆಳಗಾಗುತ್ತಲೇ ಹುಡುಗರು ಕರಟದ ತುಂಬ ಎರೆಹುಳ ತುಂಬಿಕೊಂಡು, ಬಿದಿರುಕಡ್ಡಿಗೆ ಗಾಳ ಕಟ್ಟಿಕೊಂಡು ಬಂದು ಕೂರುತ್ತಾರೆ. ಜೋಳದ ದಂಟಿನ ಬೆಂಡು ಮುಳುಗಿದ್ದೇ ತಡ, ಕಡ್ಡಿ ಮೇಲೇಳುತ್ತದೆ. ಸಿಕ್ಕಿದ್ದನ್ನು ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ ನೀರಿನಲ್ಲೇ ಇಳಿಬಿಟ್ಟಿರುತ್ತಾರೆ.

ಒಂದು ಭಾನುವಾರ ಅಲ್ಲಿಗೆ ಕಾರಿನಲ್ಲಿ ಒಬ್ಬರು ಬಂದರು. ಮಡಚುವ ಗಾಳದ ಕೋಲು, ಸುತ್ತುವ ರಾಟೆ, ತಲೆಗೆ ಟೋಪಿ. ಗಂಟೆಗಟ್ಟಲೆ ಕೂತು ಒಂದು ಕಾಟ್ಲಾ ಹಿಡಿದರು, ಫೋಟೋ ತೆಗೆದರು, ಕೈ ಒದ್ದೆ ಮಾಡಿಕೊಂಡು ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟರು. ಪಕ್ಕದಲ್ಲಿದ್ದ ಹುಡುಗನಿಗೆ ತಡೆಯಲಾಗಲಿಲ್ಲ. “ಯಾಕಣ್ಣ, ಬಿಟ್ಬಿಟ್ರಲ್ಲ?” ಅವರು ನಕ್ಕು ಸುಮ್ಮನಾದರು.

ಹುಡುಗನ ಪ್ರಶ್ನೆ ಸಣ್ಣದಲ್ಲ. ತಿನ್ನದ ಮೀನನ್ನು ಹಿಡಿಯುವುದು ಎಂಥ ಆಟ? ದಯೆಯ ಪಕ್ಷದವರು ಇದನ್ನು ಹಿಂಸೆ ಎನ್ನುತ್ತಾರೆ. ಹಸಿವಿಗಲ್ಲದೆ ಮೋಜಿಗೆ ಒಂದು ಜೀವದ ಬಾಯಿ ಚುಚ್ಚುವುದು ತಪ್ಪು. ಪ್ರವಾಸೋದ್ಯಮದ ಪಕ್ಷದವರು ಇದನ್ನು ಆದಾಯ ಎನ್ನುತ್ತಾರೆ; ಮೀನೂ ಉಳಿಯಿತು, ಊರಿಗೆ ದುಡ್ಡೂ ಬಂತು. ಎರಡು ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಹಿಡಿದವನನ್ನು ನೋಡುತ್ತಿದ್ದಾರೆಯೇ ಹೊರತು ನೀರನ್ನು ನೋಡುತ್ತಿಲ್ಲ. ನೀರನ್ನು ನೋಡಬೇಕಾದರೆ ನಮ್ಮ ತುರುವೇಕೆರೆ ಕಡೆಯ ಶಿಂಷೆಯ ಜಾಡು ಹಿಡಿದು ಹೋಗಬೇಕು. ಶಿವನಸಮುದ್ರದ ಕೆಳಗೆ ಅದು ಕಾವೇರಿಗೆ ಸೇರುತ್ತದೆ. ಆ ಕಾಡಿನ ಪಾತ್ರದಲ್ಲೇ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯ ಹೊಳೆದಂಡೆಯ ಬಿಡಾರಗಳಿವೆ.

ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ನಡೆಸುತ್ತಿದ್ದ ಈ ಬಿಡಾರಗಳಿಗೆ ದೇಶವಿದೇಶದ ಗಾಳಗಾರರು ಬರುತ್ತಿದ್ದುದು ಮಹಶೀರ್‌ಗಾಗಿ. ಅಲ್ಲಿಯವರ ಬಾಯಲ್ಲಿ ಅದು ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಇಂಥ ದೈತ್ಯನಿಗೆ ಹಾಕುತ್ತಿದ್ದ ಎರೆ ಯಾವುದು ಗೊತ್ತೆ? ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆ. ನಮ್ಮ ತಟ್ಟೆಯ ಮುದ್ದೆಯ ಮುಂದೆ ವಿಲಾಯಿತಿಯ ಹೊಳೆಯುವ ತಗಡಿನ ಮೀನುಗಳು ಎಷ್ಟೋ ಸಲ ಸೋತವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೆ ಬಿಡಬೇಕು ಎಂಬುದು ನಿಯಮವಾಗಿತ್ತು. ಹರಿಗೋಲು ಹುಟ್ಟು ಹಾಕುತ್ತಿದ್ದವರು, ಮಡು ತೋರಿಸುತ್ತಿದ್ದವರು ಸುತ್ತಲ ಹಳ್ಳಿಯವರೇ. ಅವರಲ್ಲಿ ಹಿಂದೆ ತೋಟೆ ಸಿಡಿಸಿ ಮೀನು ಹೊಡೆಯುತ್ತಿದ್ದವರೂ ಇದ್ದರು. ಸತ್ತ ಮೀನು ಒಂದು ದಿನದ ಸಾರಾದರೆ, ಬದುಕಿದ ಮೀನು ವರ್ಷಪೂರ್ತಿ ಕೂಲಿ ಕೊಡುತ್ತದೆ ಎಂಬ ಲೆಕ್ಕ ಅವರಿಗೆ ತಿಳಿಯಿತು. ಉಪದೇಶದಿಂದ ಆಗದ ಕಾವಲು ಸಂಬಳದಿಂದ ಆಯಿತು.

ಇಲ್ಲಿಗೇ ನಿಲ್ಲಿಸಿದರೆ ಗಾಳದ ಪಕ್ಷ ಗೆದ್ದಂತೆ. ಆದರೆ ಬಿಡಾರದ ಲೆಕ್ಕದ ಪುಸ್ತಕ ಬೇರೆ ಮಾತು ಹೇಳುತ್ತದೆ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮಹಶೀರ್‌ಗಳು ಆರು ಸಾವಿರಕ್ಕೂ ಮೇಲೆ. ವಿಜ್ಞಾನಿಗಳು ಆ ಪುಟಗಳನ್ನು ತಿರುವಿದಾಗ ಕಂಡದ್ದು ಇದು: ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಹೋಗಿತ್ತು, ಆದರೆ ಕಾವೇರಿಯ ಸ್ವಂತ ಮೀನಾದ ಗೂನುಬೆನ್ನಿನ ಮಹಶೀರ್ ಹೆಚ್ಚುಕಡಿಮೆ ಕಾಣೆಯಾಗಿತ್ತು. ಅದರ ಜಾಗ ತುಂಬಿದ್ದು ನೀಲಿ ರೆಕ್ಕೆಯ ಇನ್ನೊಂದು ಮಹಶೀರ್. ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯದಾಗಲಿ ಎಂದೇ ಹೊಳೆಗೆ ಬಿಟ್ಟ ಮೀನು ಅದು. ಗೂನುಬೆನ್ನಿನದಕ್ಕೆ ವಿಜ್ಞಾನದಲ್ಲಿ ಖಚಿತವಾದ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿ ಮರ ಕಡಿದು ಗಿಡ್ಡ ತಳಿ ನೆಟ್ಟು, “ತೋಟದಲ್ಲಿ ಮರ ಹೆಚ್ಚಾಯಿತು” ಎಂದರೆ ಅಟ್ಟದ ಮೇಲೆ ಉಂಡೆ ಕೊಬ್ಬರಿ ಮಾಡುವವನು ಒಪ್ಪುತ್ತಾನೆಯೇ? ಮರ ಎಷ್ಟು ಎನ್ನುವ ಮೊದಲು ಯಾವ ಮರ ಎಂದು ಕೇಳುತ್ತಾನೆ. ಹೊಳೆಯ ದಂಡೆಯಲ್ಲಿ ಆ ಪ್ರಶ್ನೆ ತಡವಾಗಿ ಬಂತು.

ಹಾಗಾದರೆ ಗಾಳವನ್ನೇ ನಿಲ್ಲಿಸುವುದು ಸರಿಯೆ? ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಅರ್ಥದಲ್ಲಿ ಆ ಬಿಡಾರಗಳಲ್ಲಿ ಅದು ನಿಂತಿತು. ಕಾನೂನಿನ ತರ್ಕ ನೇರವಾಗಿದೆ. ಆದರೆ ಗಾಳದ ಜೊತೆಗೆ ಲೆಕ್ಕದ ಪುಸ್ತಕವೂ ಮುಚ್ಚಿತು. ಗೂನುಬೆನ್ನಿನ ಮೀನು ಹೋಗುತ್ತಿದೆ ಎಂದು ನಮಗೆ ಹೇಳಿದ್ದು ಅದೇ ಪುಸ್ತಕ ಎಂಬುದನ್ನು ಮರೆಯಬಾರದು. ಮೀನಿಗೆ ಗಾಯ ಮಾಡುವ ಕೈಯೇ ಅದರ ಅಳಿವಿಗೆ ಸಾಕ್ಷಿ ಬರೆದಿತ್ತು. ಕಾವಲಿಗೆ ಭಕ್ತಿಯೂ ಆದೀತು: ರಾಮನಾಥಪುರದಲ್ಲಿ, ಶೃಂಗೇರಿಯಲ್ಲಿ ದೇವರ ಮೀನನ್ನು ಯಾರೂ ಮುಟ್ಟುವುದಿಲ್ಲ. ಆದರೆ ಎಲ್ಲ ನೀರಿಗೂ ದೇವಸ್ಥಾನದ ಮೆಟ್ಟಿಲು ಇರುವುದಿಲ್ಲವಲ್ಲ.

ನಮ್ಮ ಬೋರನಕಣಿವೆಯಂಥ ಜಲಾಶಯ ತುಂಬಿದಾಗ ದೋಣಿ ಬಿಡೋಣ, ವಿಹಾರಧಾಮ ಮಾಡೋಣ ಎಂಬ ಆಸೆ ಏಳುವುದು ಸಹಜ. ಬೇಡ ಎನ್ನಲಾರೆ. ಕೆರೆ ಹರಾಜಿನಲ್ಲಿ ಹಿಡಿದ ಗುತ್ತಿಗೆದಾರನ ಕಣ್ಣು ಆ ಅವಧಿಯ ಮೀನಿನ ಮೇಲಿರುತ್ತದೆ. ವಿಹಾರಕ್ಕೆ ಬಂದವನದು ಆ ದಿನದ ಮೇಲೆ. ಹತ್ತು ವರ್ಷದ ನೀರನ್ನು ನೆನಪಿಡುವವನು ದಂಡೆಯ ಮೇಲೆ ಕೂತ ಊರಿನವನೊಬ್ಬನೇ. ಆದ್ದರಿಂದ ವಿಹಾರಧಾಮ ಬರುವುದಾದರೆ ಮೊದಲ ಕೆಲಸ ಅವನಿಗೆ ಸಿಗಬೇಕು, ಮೊದಲ ಖರ್ಚು ಒಂದು ಲೆಕ್ಕದ ಪುಸ್ತಕಕ್ಕೆ ಆಗಬೇಕು. ಎರಡೂ ಇಲ್ಲದ ಮೋಜು ಕೆರೆಗೆ ಹೊರೆ.

ಆ ಪುಸ್ತಕದ ಮೊದಲ ಪುಟ ಬರೆಯುವುದೂ ಸುಲಭವಲ್ಲ. ಹುಡುಗನ ಕಡ್ಡಿಯಲ್ಲಿ ನೇತಾಡುತ್ತಿದ್ದ ಜಿಲೇಬಿ ಮೀನು ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ಕಾರಿನವರು ದಯೆಯಿಂದ ಬಿಟ್ಟ ಕಾಟ್ಲಾ ಗಂಗೆಯ ಸೀಮೆಯದು. ಏರಿಯ ಮೇಲಿದ್ದ ಅಜ್ಜನನ್ನು ಕೇಳಿದೆ. ಪಕ್ಕೆ, ಕೊರವ, ಹಾವುಮೀನು ಎಂದು ಬೆರಳು ಮಡಚುತ್ತ ಹೋದರು. “ಈಗ ಯಾವ್ಯಾವು ಅವೆ ತಾತ?” ಎಂದ ಹುಡುಗ. ಅಜ್ಜ ಮಡಚಿದ ಬೆರಳುಗಳನ್ನೇ ನೋಡುತ್ತ, ಒಂದೊಂದಾಗಿ ಮತ್ತೆ ಬಿಚ್ಚತೊಡಗಿದರು.